ಮುಷ್ಟಿಯಲ್ಲಿ ಹುಣಸೆ ಬೀಜ: ಟೆಕ್ಮೋ ಸೂಪರ್ ಬೌಲ್ ಇನ್ನೂ ಯಾಕೆ ಬಿಡುತ್ತಿಲ್ಲ?

ಪ್ರಶ್ನೆ: 1992ರಲ್ಲಿ ಎಂ.ಎಸ್. ಓದಲು ಓಹಾಯೋಗೆ ಬಂದೆ. ನನ್ನ ರೂಮ್‌ಮೇಟ್ ಕ್ಲೀವ್‌ಲ್ಯಾಂಡ್‌ನವನು. ಅವನ ಹತ್ತಿರ ನಿಂಟೆಂಡೊ ಇತ್ತು, ಅದರಲ್ಲಿ 'ಟೆಕ್ಮೋ ಸೂಪರ್ ಬೌಲ್' ಅಂತ ಒಂದು ಅಮೆರಿಕನ್ ಫುಟ್‌ಬಾಲ್ ಗೇಮ್. ಆ ಆಟದ ನಿಯಮ ನಾನು ಕಲಿತದ್ದೇ ಅದರಿಂದ. ಅವನದು ಯಾವಾಗಲೂ ಬ್ರೌನ್ಸ್ ತಂಡ. ರೂಮ್ ಖಾಲಿ ಮಾಡುವಾಗ ಕ್ಯಾಸೆಟ್ ನನಗೇ ಕೊಟ್ಟುಬಿಟ್ಟ. ಮೊನ್ನೆ ಬೇಸ್‌ಮೆಂಟ್‌ನಲ್ಲಿ ಅದು ಸಿಕ್ಕಿತು. ಮಗನಿಗೆ ಯೂಟ್ಯೂಬ್‌ನಲ್ಲಿ ಆ ಗೇಮ್ ತೋರಿಸಿದೆ. ಅವನು ಈಗಿನ ಫುಟ್‌ಬಾಲ್ ಗೇಮ್ ಮ್ಯಾಡನ್ ಆಡುವವನು, ನಕ್ಕುಬಿಟ್ಟ. ನನಗೆ ಮಾತ್ರ ಆ ಮ್ಯೂಸಿಕ್ ಕೇಳಿದ ಕೂಡಲೇ ಒಂಥರಾ ಆಯಿತು. ಇದು ಬರೀ ವಯಸ್ಸಿನ ಹುಚ್ಚಾ? ನಾವು ಅರ್ಧಕ್ಕೆ ಬಿಟ್ಟ ಸೀಸನ್ ಅದರಲ್ಲಿ ಇನ್ನೂ ಉಳಿದಿರುತ್ತಾ? ಅವನ ಜತೆ ಮತ್ತೆ ಆಡಬೇಕು ಅಂದರೆ ಏನು ದಾರಿ? ಅವನು ಈಗಲೂ ಕ್ಲೀವ್‌ಲ್ಯಾಂಡ್‌ನಲ್ಲೇ ಇದ್ದಾನೆ.
ನ್ಯೂಜೆರ್ಸಿಯಿಂದ ಒಬ್ಬ ಓದುಗರು

ಉತ್ತರ: ಮೊದಲು ಅವಸರದ ವಿಷಯ. ಆ ಕ್ಯಾಸೆಟ್‌ಗೆ ಬಾಯಿಂದ ಊದಬೇಡಿ. ಬಿಚ್ಚಲೂ ಬೇಡಿ. ಇದ್ದ ಹಾಗೇ ಒಣ ಜಾಗದಲ್ಲಿ ಎತ್ತಿಡಿ. ನಿಮ್ಮ ಸೀಸನ್ ಬದುಕಿರಬಹುದು. ಅದನ್ನು ಹೊರಗೆ ತೆಗೆಯುವ ಬಗೆ ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಮಗನ ನಗುವಿನ ವಿಷಯ ಮಾತಾಡೋಣ.

ವಯಸ್ಸಿನ ಹುಚ್ಚಾ ಅಂತ ಕೇಳಿದ್ದೀರಿ. ಸ್ವಲ್ಪ ಹೌದು. ಹದಿಹರೆಯದಿಂದ ಮೂವತ್ತರ ತನಕ ನಡೆದದ್ದು ಬೇರೆ ವಯಸ್ಸಿನ ನೆನಪಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ನಿಮಗಂತೂ ಆಗ ದೇಶ ಹೊಸದು, ಚಳಿ ಹೊಸದು, ಪಕ್ಕದಲ್ಲಿ ಕೂತವನೂ ಹೊಸಬ. ಆ ವರ್ಷ ತಿಂದ ತಣ್ಣಗಿನ ಪಿಜ್ಜಾ ಕೂಡ ನೆನಪಿನಲ್ಲಿ ರುಚಿಯಾಗಿಯೇ ಇರುತ್ತದೆ.

ಆದರೆ ನನ್ನ ಕೇಸ್ ಬೇರೆ. ಅದಕ್ಕೇ ಈ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಬಂದದ್ದು. ನಾನು ಬೆಳೆದದ್ದು ದಾವಣಗೆರೆಯಲ್ಲಿ, ತೊಂಬತ್ತರ ದಶಕದಲ್ಲಿ. ನಮ್ಮ ಮನೆಯಲ್ಲೂ ಒಂದು ಟಿವಿ ಗೇಮ್ ಇತ್ತು. ನಿಂಟೆಂಡೊ ಅಲ್ಲ, ಅದರ ನಕಲು. ಒಳಗಿನ ಚಿಪ್ ಮಾಡುವ ಕೆಲಸ ಅದೇ, ಹೊರಗಿನ ಡಬ್ಬ ಬೇರೆ. ಅಂಗಡಿಯಿಂದ ಕ್ಯಾಸೆಟ್ ಬಾಡಿಗೆಗೆ ತಂದು ಮಾರಿಯೊ, ಕಾಂಟ್ರಾ ಆಡಿದವರು ನಾವು. ಅಮೆರಿಕನ್ ಫುಟ್‌ಬಾಲ್‌ನ ಚೆಂಡು ಗುಂಡಗಿರುವುದಿಲ್ಲ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಈ ಗೇಮ್ ಮೊದಲು ನೋಡಿದ್ದು 2007ರಲ್ಲಿ, ಕೆಲಸಕ್ಕೆ ಇಲ್ಲಿಗೆ ಬಂದಮೇಲೆ, ಒಬ್ಬ ಸಹೋದ್ಯೋಗಿಯ ಮನೆಯಲ್ಲಿ. ಊಟಕ್ಕೆ ಕರೆದಿದ್ದರು. ಒಂಬತ್ತಕ್ಕೆ ಒಂದು ಕೈ ಆಡೋಣ ಅಂತ ಕೂತೆವು. 38-7ರಲ್ಲಿ ಸೋತೆ. ಇನ್ನೊಂದು ಅಂದೆ. ಮನೆಗೆ ಹೊರಟಾಗ ರಾತ್ರಿ ಒಂದೂವರೆ. ಈ ಗೇಮ್ ಬಗ್ಗೆ ನನಗೆ ಬಾಲ್ಯದ ನೆನಪು ಒಂದು ಚೂರೂ ಇಲ್ಲ. ಆದರೂ ಹಿಡಿದು ಕೂರಿಸಿತು, ಅಲ್ವಾ? ಅಂದಮೇಲೆ ನಿಮ್ಮ ನೆನಪಿನಾಚೆಗೂ ಅದರಲ್ಲಿ ಏನೋ ಇದೆ.

ಆ ಏನೋ ಎಂದರೆ ಅದರ ಎಂಟು ಪ್ಲೇ.

ಫುಟ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಅವಕಾಶಕ್ಕೂ ಮುಂಚೆ ಗುಟ್ಟಾಗಿ ಒಂದು ಯೋಜನೆ ಮಾಡಿಕೊಳ್ಳುತ್ತಾರೆ. ಅದಕ್ಕೇ ಪ್ಲೇ ಅನ್ನುವುದು. ಚೆಂಡು ಹಿಡಿದು ಓಡಿದರೆ ರನ್, ಎಸೆದರೆ ಪಾಸ್.

ನಿಜವಾದ ತಂಡಗಳ ಪುಸ್ತಕದಲ್ಲಿ ಇಂಥ ಪ್ಲೇ ನೂರಾರು. ಟೆಕ್ಮೋ ಸೂಪರ್ ಬೌಲ್‌ನಲ್ಲಿ ಒಂದು ಪಂದ್ಯಕ್ಕೆ ಎಂಟು. ನಾಲ್ಕು ರನ್, ನಾಲ್ಕು ಪಾಸ್. ಒಂದು ದಿಕ್ಕು, ಒಂದು ಗುಂಡಿ ಒತ್ತಿದರೆ ಆಯ್ಕೆ ಮುಗಿಯಿತು. ಆದರೆ ತಡೆಯುವವನ ಕಣ್ಣ ಮುಂದೆಯೂ ಅದೇ ಎಂಟು ಚಿತ್ರ ಇರುತ್ತವೆ. ನೀವು ಯಾವುದು ಒತ್ತುತ್ತೀರಿ ಅಂತ ಊಹಿಸಿ ಅವನೂ ಒಂದು ಒತ್ತುತ್ತಾನೆ. ಊಹೆ ತಪ್ಪಿದರೆ ಆಟ ಮಾಮೂಲಿಯಾಗಿ ನಡೆಯುತ್ತದೆ. ಸರಿಯಾದರೆ ನಿಮ್ಮ ಕಥೆ ಮುಗಿಯಿತು. ಅವನ ಇಡೀ ಸಾಲು ನಿಮ್ಮವರನ್ನು ಕೆಡವಿಕೊಂಡು ನುಗ್ಗಿ ಬರುತ್ತದೆ. ಚೆಂಡು ಕೈಗೆ ಬರುವುದರೊಳಗೆ ಮೇಲೆ ಮೂವರು ಬಿದ್ದಿರುತ್ತಾರೆ.

ನಮ್ಮಲ್ಲಿ ಮಕ್ಕಳು ಮುಷ್ಟಿಯಲ್ಲಿ ಹುಣಸೆ ಬೀಜ ಮುಚ್ಚಿಟ್ಟು 'ಸರಿಯೋ ಬೆಸವೋ' ಅಂತ ಕೇಳುತ್ತಾರಲ್ಲ, ಇದೂ ಅದೇ. ಲೆಕ್ಕ ನೋಡಿ. ಕಣ್ಣು ಮುಚ್ಚಿ ಒತ್ತಿದರೆ ಸಿಗುವುದು ಎಂಟಕ್ಕೊಂದು. ಈ ಸಲ ಓಡುತ್ತಾನೆ ಅನ್ನುವುದಷ್ಟು ಗೊತ್ತಾದರೆ ನಾಲ್ಕಕ್ಕೊಂದು. ಮೂರನೆಯ ಅವಕಾಶದಲ್ಲಿ ಎರಡು ಗಜ ಬೇಕಿರುವಾಗ ಇವನ ಹೆಬ್ಬೆರಳು ಕೆಳಗಿನ ರನ್‌ಗೇ ಹೋಗುತ್ತದೆ ಅಂತ ರೂಮ್‌ಮೇಟ್‌ಗೆ ಗೊತ್ತಿದ್ದರೆ ಲೆಕ್ಕವೇ ಬೇಡ, ನೀವು ಸಿಕ್ಕಿಬಿದ್ದಿರಿ. ಅವನಿಗೆ ಗೊತ್ತು ಅನ್ನುವುದು ನಿಮಗೂ ಗೊತ್ತು. ಅದಕ್ಕೆ ಬೇರೆ ಒತ್ತುತ್ತೀರಿ. ನೀವು ಬೇರೆ ಒತ್ತುತ್ತೀರಿ ಅಂತ ಅವನು ಮೊದಲೇ ಯೋಚಿಸಿರುತ್ತಾನೆ. ಇಲ್ಲಿಗೆ ಬರುವ ಹೊತ್ತಿಗೆ ಫುಟ್‌ಬಾಲ್ ಎಲ್ಲೋ ಹಿಂದೆ ಉಳಿದಿರುತ್ತದೆ. ನೀವು ಅವನ ತಲೆಯೊಳಗೆ ಕೂತಿರುತ್ತೀರಿ, ಅವನು ನಿಮ್ಮ ತಲೆಯೊಳಗೆ.

ಪ್ಲೇ ಆರಿಸುವಾಗ ನೀವು ಕಂಟ್ರೋಲರ್‌ನ್ನು ಎಲ್ಲಿ ಬಚ್ಚಿಡುತ್ತಿದ್ದಿರಿ? ರಗ್ಗಿನ ಕೆಳಗೋ, ಅಂಗಿಯ ಒಳಗೋ? ಎಲ್ಲರೂ ಎಲ್ಲೋ ಒಂದು ಕಡೆ ಬಚ್ಚಿಡುತ್ತಿದ್ದರು. ಎರಡು ಆಯ್ಕೆಯೂ ಒಂದೇ ಪರದೆಯ ಮುಂದೆ ನಡೆಯುವುದರಿಂದ ಪಕ್ಕದವನ ಹೆಬ್ಬೆರಳು ಕಂಡರೆ ಸಾಕು, ಆಟ ಕೈಗೆ ಬಂದ ಹಾಗೆ. ನನ್ನ ಸಹೋದ್ಯೋಗಿ ಕಂಟ್ರೋಲರ್ ಮೇಲೆ ಸೋಫಾ ದಿಂಬು ಇಟ್ಟುಕೊಳ್ಳುತ್ತಿದ್ದರು. ದಿಂಬು ಇದ್ದರೂ ಅವರ ಭುಜ ನೋಡಿದರೆ ಗೊತ್ತಾಗುತ್ತಿತ್ತು. ಮೇಲಿನ ದಿಕ್ಕು ಒತ್ತುವಾಗ ಬಲಭುಜ ಒಂದು ಕೂದಲೆಳೆ ಏರುತ್ತಿತ್ತು. ಇದನ್ನು ಕಂಡುಹಿಡಿಯಲು ನನಗೆ ಐದು ತಿಂಗಳು ಬೇಕಾಯಿತು. ಅವರಿಗೆ ಈಗಲೂ ಹೇಳಿಲ್ಲ.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸ ಹಾರ್ಡ್‌ವೇರ್, ಹಾಗಾಗಿ ಇದನ್ನು ಬಿಡಲು ಮನಸ್ಸಿಲ್ಲ. ನಿಂಟೆಂಡೊದ ಆ ಬೂದು ಪೆಟ್ಟಿಗೆಯೊಳಗಿನ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್. ಕೆಲಸದ ಮೆಮೊರಿ 2 ಕೆಬಿ. ಈ ಉತ್ತರವನ್ನು ಅದರೊಳಗೆ ಇಡುತ್ತೇನೆ ಅಂದರೆ ಜಾಗ ಸಾಲುವುದಿಲ್ಲ. ಪರದೆಯ ಮೇಲೆ ಓಡಾಡುವ ಬೊಂಬೆಗಳನ್ನು ಸ್ಪ್ರೈಟ್ ಎಂಬ ಪುಟ್ಟ ಪುಟ್ಟ ತುಂಡುಗಳಿಂದ ಜೋಡಿಸಬೇಕು. ಒಟ್ಟು 64 ತುಂಡು ಮಾತ್ರ. ಅದರಲ್ಲೂ ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಜಾಸ್ತಿ ತೋರಿಸಲು ಆ ಚಿಪ್‌ಗೆ ಆಗುವುದಿಲ್ಲ. ಫುಟ್‌ಬಾಲ್ ಅಂದರೆ ಮೈದಾನದಲ್ಲಿ 22 ಜನ. ಒಬ್ಬೊಬ್ಬನಿಗೂ ಒಂದಕ್ಕಿಂತ ಜಾಸ್ತಿ ತುಂಡು ಬೇಕು. ಎಲ್ಲಿಂದ ತರುತ್ತೀರಿ?

ಈ ಆಟದಲ್ಲಿ ಮೈದಾನವನ್ನು ಪಕ್ಕದಿಂದ ನೋಡುತ್ತೇವೆ. ಓಟ ಎಡಕ್ಕೂ ಬಲಕ್ಕೂ. ಎದುರುಬದುರು ನಿಲ್ಲುವ ಎರಡು ಸಾಲು ಮೇಲಿಂದ ಕೆಳಕ್ಕೆ ಹರಡಿಕೊಳ್ಳುತ್ತವೆ. ಆದ್ದರಿಂದ ಒಂದೇ ಅಡ್ಡಗೆರೆಯ ಮೇಲೆ ತುಂಬ ಜನ ಬೀಳುವುದಿಲ್ಲ. ಟಿವಿಯಲ್ಲಿ ತೋರಿಸುವ ಹಾಗೆ ಅಲ್ಲದೆ ಚೆಂಡು ಎಸೆಯುವವನಾದ ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನಿಂದ ತೋರಿಸಿದ್ದರೆ ಇಡೀ ಸಾಲು ಒಂದೇ ಗೆರೆಯ ಮೇಲೆ ನಿಂತು ಅರ್ಧ ತಂಡ ಮಾಯವಾಗುತ್ತಿತ್ತು. ಹಾಗಿದ್ದೂ ಎಲ್ಲರೂ ಒಂದು ಕಡೆ ಗುಂಪಾದಾಗ ಬೊಂಬೆಗಳು ಮಿನುಗುತ್ತವೆ, ನೆನಪಿದೆಯಾ? ಒಂದು ಕ್ಷಣ ಇವನನ್ನು, ಮರುಕ್ಷಣ ಅವನನ್ನು ತೋರಿಸಿ ಕಣ್ಣಿಗೆ ಮಣ್ಣೆರಚುವ ಕೆಲಸ ಅದು. ನಿಮ್ಮ ಮಗ ನಕ್ಕದ್ದು ಬಹುಶಃ ಅಲ್ಲೇ.

ಇದಕ್ಕೂ ಹಿಂದಿನ 'ಟೆಕ್ಮೋ ಬೌಲ್' 1989ರಲ್ಲಿ ನಿಂಟೆಂಡೊಗೆ ಬಂದಾಗ ಒಂದು ಕಡೆಗೆ ಒಂಬತ್ತೇ ಜನ, 12 ತಂಡ, ನಾಲ್ಕೇ ಪ್ಲೇ. 1991ರ ಡಿಸೆಂಬರ್‌ನಲ್ಲಿ ಬಂದ ಟೆಕ್ಮೋ ಸೂಪರ್ ಬೌಲ್‌ನಲ್ಲಿ ಹನ್ನೊಂದು ಜನ, ಆಗ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿದ್ದ 28 ತಂಡಗಳೂ, ಅವುಗಳ ಹೆಸರು, ಆಟಗಾರರ ಹೆಸರು, ಇಡೀ ಸೀಸನ್, ಪ್ರತಿಯೊಬ್ಬನ ಅಂಕಿಅಂಶ. ಟೆಕ್ಮೋ ಅನ್ನುವ ಜಪಾನಿನ ಕಂಪನಿ ಇದೆಲ್ಲವನ್ನೂ 2 ಕೆಬಿ ಮೆಮೊರಿಯ ಯಂತ್ರದಲ್ಲಿ ಕೂರಿಸಿದೆ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಯಾರೂ ಜಾಗ ಉಳಿಸುವುದನ್ನು ಈಚೆಗೆ ನೋಡಿಲ್ಲ.

ಎಲ್ಲರ ಹೆಸರೂ ಇತ್ತು ಅಂದೆ. ಮೂವರದು ಇರಲಿಲ್ಲ. ನಿಮ್ಮ ರೂಮ್‌ಮೇಟ್‌ನ ಕ್ವಾರ್ಟರ್‌ಬ್ಯಾಕ್‌ನ ಹೆಸರು ಏನಿತ್ತು, ನೆನಪು ಮಾಡಿಕೊಳ್ಳಿ. 'ಕ್ಯೂಬಿ ಬ್ರೌನ್ಸ್'. ಕ್ಯೂಬಿ ಅಂದರೆ ಕ್ವಾರ್ಟರ್‌ಬ್ಯಾಕ್, ಅಷ್ಟೇ. ಆ ಬೊಂಬೆ ನಿಜವಾಗಿ ಬರ್ನಿ ಕೋಸಾರ್. ಆಟಗಾರರ ಸಂಘದ ಮೂಲಕ ಹೆಸರು ಬಳಸುವ ಒಪ್ಪಂದದಲ್ಲಿ ಕೋಸಾರ್, ಬಫಲೋ ಬಿಲ್ಸ್‌ನ ಜಿಮ್ ಕೆಲ್ಲಿ, ಫಿಲಡೆಲ್ಫಿಯಾ ಈಗಲ್ಸ್‌ನ ರ್‍ಯಾಂಡಲ್ ಕನಿಂಗ್‌ಹ್ಯಾಮ್ ಇರಲಿಲ್ಲ. ಹಾಗಾಗಿ ಕ್ಯೂಬಿ ಬ್ರೌನ್ಸ್, ಕ್ಯೂಬಿ ಬಿಲ್ಸ್, ಕ್ಯೂಬಿ ಈಗಲ್ಸ್. ಹೆಸರಿಲ್ಲದಿದ್ದರೂ ಕ್ಯೂಬಿ ಈಗಲ್ಸ್ ಓಡುವುದನ್ನು ನೋಡಿದವರಿಗೆ ಅವನು ಯಾರು ಅಂತ ಹೇಳಬೇಕಾಗಿರಲಿಲ್ಲ.

ಕೋಸಾರ್ ಓಹಾಯೋದವರೇ. ಊರಿನ ಹುಡುಗ, ಊರಿನ ತಂಡ. 1993ರ ನವೆಂಬರ್‌ನಲ್ಲಿ, ಸೀಸನ್ ನಡುವೆ, ಬ್ರೌನ್ಸ್ ಅವರನ್ನು ತಂಡದಿಂದ ಕೈಬಿಟ್ಟಿತು. ಆಗಿನ ಕೋಚ್ ಬಿಲ್ ಬೆಲಿಚಿಕ್. ನೀವು ಆಗ ಅದೇ ರೂಮಿನಲ್ಲಿ ಇದ್ದಿದ್ದರೆ ಆ ದಿನ ನಿಮ್ಮ ರೂಮ್‌ಮೇಟ್‌ನ ಮುಖ ಹೇಗಿತ್ತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಅದಾಗಿ ಎರಡು ವರ್ಷಕ್ಕೆ, 1995ರ ನವೆಂಬರ್‌ನಲ್ಲಿ, ಮಾಲೀಕರು ತಂಡವನ್ನೇ ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಹೇಳಿದರು. ಅದು ಅಲ್ಲಿ ರೇವನ್ಸ್ ಆಯಿತು. ಬ್ರೌನ್ಸ್ ಅನ್ನುವ ಹೆಸರು, ಬಣ್ಣ ಊರಿನಲ್ಲೇ ಉಳಿದರೂ ಮೂರು ವರ್ಷ ಕ್ಲೀವ್‌ಲ್ಯಾಂಡ್‌ಗೆ ತಂಡವೇ ಇರಲಿಲ್ಲ. ಹೊಸ ಬ್ರೌನ್ಸ್ ಮೈದಾನಕ್ಕೆ ಇಳಿದದ್ದು 1999ರಲ್ಲಿ. ನಿಮ್ಮ ಕ್ಯಾಸೆಟ್‌ನಲ್ಲಿ ಇದ್ಯಾವುದೂ ನಡೆದಿಲ್ಲ. ಅಲ್ಲಿ ಹ್ಯೂಸ್ಟನ್‌ಗೆ ಇನ್ನೂ ಆಯಿಲರ್ಸ್ ಇದೆ, ರೈಡರ್ಸ್ ಲಾಸ್ ಏಂಜಲೀಸ್‌ನಲ್ಲೇ ಇದೆ, ಕ್ಯೂಬಿ ಬ್ರೌನ್ಸ್ ಹೆಸರಿಲ್ಲದೆ ಚೆಂಡು ಎಸೆಯುತ್ತಲೇ ಇದ್ದಾರೆ.

ರೈಡರ್ಸ್ ಅಂದ ಮೇಲೆ ಬೋ ಜಾಕ್ಸನ್ ವಿಷಯ ಬಂದೇ ಬರಬೇಕು. ಈ ಗೇಮ್‌ ಆಡಿದವರಲ್ಲಿ ಫುಟ್‌ಬಾಲ್ ನೋಡದವರಿಗೂ ಈ ಹೆಸರು ಗೊತ್ತು.

ಬೋ ಎರಡು ಆಟದ ಮನುಷ್ಯ. ಬೇಸಿಗೆಯಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್‌ಗೆ ಬೇಸ್‌ಬಾಲ್, ಅದು ಮುಗಿದ ಮೇಲೆ ರೈಡರ್ಸ್‌ಗೆ ಫುಟ್‌ಬಾಲ್. ಎರಡರಲ್ಲೂ ಆಲ್‌ಸ್ಟಾರ್ ಮಟ್ಟಕ್ಕೆ ಏರಿದ ಮೊದಲಿಗ. ಹೀಗೆ ಅರ್ಧ ಸೀಸನ್‌ಗೆ ಬರುತ್ತಿದ್ದುದರಿಂದ ನಾಲ್ಕು ವರ್ಷದಲ್ಲಿ ಆಡಿದ್ದು 38 ಪಂದ್ಯ ಮಾತ್ರ. ಆದರೆ ಚೆಂಡು ಹಿಡಿದಾಗಲೆಲ್ಲ ಸರಾಸರಿ 5.4 ಗಜ. 1987ರ ನವೆಂಬರ್ 30ರ ಸೋಮವಾರ ರಾತ್ರಿ ಸಿಯಾಟಲ್ ವಿರುದ್ಧ 221 ಗಜ ಓಡಿದರು. ಅದರಲ್ಲಿ ಒಂದೇ ಓಟ 91 ಗಜದ್ದು. ಗೆರೆ ದಾಟಿದ ಮೇಲೂ ನಿಲ್ಲದೆ ಮೈದಾನದ ಹೊರಗಿನ ಸುರಂಗದೊಳಕ್ಕೆ ಹೋಗಿಬಿಟ್ಟರು.

1991ರ ಜನವರಿ 13. ಪ್ಲೇಆಫ್, ಅಂದರೆ ಸೋತವರು ಮನೆಗೆ ಹೋಗುವ ಪಂದ್ಯ, ಎದುರಾಳಿ ನಿಮ್ಮ ಓಹಾಯೋದ ಇನ್ನೊಂದು ತಂಡ ಸಿನ್ಸಿನಾಟಿ ಬೆಂಗಲ್ಸ್. ಬೋ 34 ಗಜ ಓಡಿದ್ದರು. ಹಿಂದಿನಿಂದ ಒಬ್ಬ ಕಾಲು ಹಿಡಿದ. ನೋಡಲು ದೊಡ್ಡ ಪೆಟ್ಟೇನಲ್ಲ. ಆದರೆ ಸೊಂಟದ ಕೀಲು ಜಾರಿತ್ತು. ಮೂಳೆಗೆ ರಕ್ತ ಹೋಗುವುದು ನಿಂತು ಅದು ಸತ್ತೇಹೋಯಿತು. 1992ರಲ್ಲಿ ಕೃತಕ ಕೀಲು ಹಾಕಿದರು. 1993ರಲ್ಲಿ ಆ ಕೀಲು ಇಟ್ಟುಕೊಂಡೇ ಚಿಕಾಗೋ ವೈಟ್ ಸಾಕ್ಸ್‌ಗೆ ಬೇಸ್‌ಬಾಲ್ ಆಡಲು ಬಂದು ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಮ್ ರನ್ ಹೊಡೆದರು. ಫುಟ್‌ಬಾಲ್ ಮಾತ್ರ ಮತ್ತೆ ಆಡಲಿಲ್ಲ.

ಈಗ ತಾರೀಖು ಜೋಡಿಸಿ ನೋಡಿ. ಪೆಟ್ಟು ಬಿದ್ದದ್ದು ಜನವರಿಯಲ್ಲಿ. ಗೇಮ್ ಅಂಗಡಿಗೆ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಅದರೊಳಗಿನ ಆಟಗಾರರ ಶಕ್ತಿಯ ಅಂಕಿಗಳು 1990ರ ಸೀಸನ್ ಮೇಲೆ ಮಾಡಿದವು. ನಿಜವಾದ ಬೋ ಊರುಗೋಲು ಹಿಡಿದು ಓಡಾಡಿದ ವರ್ಷದಲ್ಲಿ ಮಕ್ಕಳ ಕೈಗೆ ಸಿಕ್ಕ ಬೋ ಯಾರ ಕೈಗೂ ಸಿಗದವನು. ಚೆಂಡು ಕೊಟ್ಟು ಸ್ವಲ್ಪ ಹಿಂದಕ್ಕೆ ಬಂದು ಮೇಲೆ ಕೆಳಗೆ ಹಾವಿನ ಹಾಗೆ ಓಡಿಸಿದರೆ ಕಂಪ್ಯೂಟರ್‌ನ ಹನ್ನೊಂದು ಜನ ಸಾಲಾಗಿ ಬೆನ್ನು ಹತ್ತುತ್ತಾರೆ, ಮುಟ್ಟಲು ಆಗುವುದಿಲ್ಲ. ಮನಸ್ಸು ಮಾಡಿದರೆ ಒಂದೇ ಓಟದಲ್ಲಿ ಇಡೀ ಕ್ವಾರ್ಟರ್, ಅಂದರೆ ಪಂದ್ಯದ ಕಾಲು ಭಾಗ, ಕಳೆದುಬಿಡಬಹುದು. ರೈಡರ್ಸ್ ತೆಗೆದುಕೊಳ್ಳುವಂತಿಲ್ಲ ಅನ್ನುವ ಕಾನೂನು ಎಷ್ಟು ರೂಮುಗಳಲ್ಲಿ ಇತ್ತೋ! ನಿಮ್ಮಲ್ಲೂ ಇದ್ದಿರಬೇಕು.

ಬೋ ಇಲ್ಲದಿದ್ದರೆ ಕಾನ್ಸಾಸ್ ಸಿಟಿ ಚೀಫ್ಸ್‌ನ ಕ್ರಿಶ್ಚಿಯನ್ ಒಕೋಯೆ. ನೈಜೀರಿಯಾದಿಂದ ಓದಲು ಬಂದವರು, ಡಿಸ್ಕಸ್ ಎಸೆಯುತ್ತಿದ್ದವರು, ಕಾಲೇಜಿಗೆ ಬರುವ ತನಕ ಈ ಆಟವನ್ನೇ ಆಡಿರಲಿಲ್ಲ. 1989ರಲ್ಲಿ 1,480 ಗಜ ಓಡಿ ಲೀಗ್‌ಗೇ ಮೊದಲಿಗರಾದರು. ಗೇಮ್‌ನಲ್ಲಿ ಅವರು ಬೋ ಹಾಗೆ ತಪ್ಪಿಸಿಕೊಂಡು ಓಡುವುದಿಲ್ಲ. ಎದುರಿಗೆ ಬಂದವನು ಹಾರಿ ಬೀಳುತ್ತಾನೆ, ಅಷ್ಟೇ. ಹೊರದೇಶದಿಂದ ಬಂದು ಈ ಆಟ ಕಲಿತ ನಿಮಗೆ ಅವರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಇದ್ದರೆ ತಪ್ಪೇನಿಲ್ಲ. ನನಗಿದೆ.

ನಿಮ್ಮ ಮಗನ ಮ್ಯಾಡನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಟ್ಟ ಗೇಮ್ ಅಲ್ಲ. ಜಾನ್ ಮ್ಯಾಡನ್ ನಿಜವಾದ ಕೋಚ್. ಅವರ ರೈಡರ್ಸ್ 1977ರ ಜನವರಿಯಲ್ಲಿ ನಿಜವಾದ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದಿತ್ತು. ಅವರ ಹೆಸರಿನ ಮೊದಲ ಗೇಮ್ ಆ್ಯಪಲ್ 2 ಕಂಪ್ಯೂಟರ್‌ಗೆ 1988ರಲ್ಲಿ ಬಂತು. ಒಂದು ಕಡೆಗೆ ಹನ್ನೊಂದು ಜನ ಇಲ್ಲದಿದ್ದರೆ ಅದು ಫುಟ್‌ಬಾಲೇ ಅಲ್ಲ ಅಂತ ಅವರು ಹಟ ಹಿಡಿದದ್ದರಿಂದಲೇ ಅಷ್ಟು ತಡ. ನಿಜವಾದ ಫುಟ್‌ಬಾಲ್ ಹೇಗಿರುತ್ತದೆ ಅಂತ ತಿಳಿಯಲು ಮ್ಯಾಡನ್ನೇ ಸರಿ. ಆದರೆ ಅದರಲ್ಲಿ ನೂರಾರು ಪ್ಲೇ. ನೂರಾರರಲ್ಲಿ ಒಂದನ್ನು ಊಹಿಸಲು ಯಾರಿಂದಲೂ ಆಗುವುದಿಲ್ಲ. ಮುಷ್ಟಿಯಲ್ಲಿ ಮೂರು ಬೀಜವೋ ನಾಲ್ಕೋ ಅಂತ ಕೇಳಿದರೆ ಎದುರಿನವನ ಕಣ್ಣು ನೋಡುತ್ತೇವೆ. ಚೀಲದಲ್ಲಿ ಎಷ್ಟು ಬೀಜ ಅಂತ ಕೇಳಿದರೆ ಚೀಲ ನೋಡುತ್ತೇವೆ. ನನಗೆ ಕಾಣುವ ವ್ಯತ್ಯಾಸ ಇಷ್ಟೇ.

ಇನ್ನೊಂದು ವಿಷಯ. ಈ ಗೇಮ್ ಅಂಗಡಿಯಲ್ಲಿ ಹೊಸದಾಗಿ ಯಾಕೆ ಸಿಗುವುದಿಲ್ಲ ಅಂತ ನೀವು ಹುಡುಕಿರಬಹುದು. ಕಾರಣ ಅದೇ ಹೆಸರುಗಳು. ಲೀಗ್‌ನ ಒಪ್ಪಂದ, ಆಟಗಾರರ ಸಂಘದ ಒಪ್ಪಂದ ಎರಡೂ ಎಂದೋ ಮುಗಿದಿವೆ. 2004ರ ಡಿಸೆಂಬರ್‌ನಲ್ಲಿ ಮ್ಯಾಡನ್ ಮಾಡುವ ಕಂಪನಿ ಆ ಹೆಸರುಗಳನ್ನು ಬಳಸುವ ಹಕ್ಕನ್ನು ತನಗೆ ಮಾತ್ರ ಅಂತ ಬರೆಸಿಕೊಂಡಿತು. 2010ರಲ್ಲಿ 'ಟೆಕ್ಮೋ ಬೌಲ್ ಥ್ರೋಬ್ಯಾಕ್' ಅಂತ ಒಂದು ಬಂತು. ಆಟ ಹಳೆಯದೇ, ಆಟಗಾರರು ಮಾತ್ರ ಯಾರೋ. ಬೋ ಇಲ್ಲದ ಟೆಕ್ಮೋ ಅಂದರೆ ಬೆಣ್ಣೆ ಇಲ್ಲದ ದೋಸೆ. ದಾವಣಗೆರೆಯವನು ಹೇಳುತ್ತಿದ್ದೇನೆ, ನಂಬಿ. ಅತ್ತ ಅಭಿಮಾನಿಗಳು ಸುಮ್ನೆ ಕೂತಿಲ್ಲ. ಹಳೆಯ ಗೇಮ್‌ನ ಒಳಗನ್ನೇ ತಿದ್ದಿ, ಈಗಿನ 32 ತಂಡ ಹಾಕಿ, ಪ್ರತಿ ವರ್ಷ ಹೊಸ ಆಟಗಾರರ ಹೆಸರು ಸೇರಿಸುತ್ತಾರೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ದೊಡ್ಡ ಪಂದ್ಯಾವಳಿಯೇ ನಡೆಯುತ್ತದೆ. ಅಲ್ಲಿ ಬೋ ಸಮಸ್ಯೆಗೆ ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ನಾಣ್ಯ ಚಿಮ್ಮಿ ಗೆದ್ದವನು ಎರಡು ತಂಡಗಳ ಹೆಸರು ಹೇಳುತ್ತಾನೆ. ಆ ಎರಡರಲ್ಲಿ ತನಗೆ ಯಾವುದು ಬೇಕು ಅಂತ ಆರಿಸುವವನು ಸೋತವನು. ನಮ್ಮಮ್ಮ ಒಂದೇ ಹೋಳಿಗೆ ಉಳಿದಾಗ ಮಾಡುತ್ತಿದ್ದದ್ದೂ ಇದೇ. ಅಣ್ಣ ಮುರಿಯಬೇಕು, ನಾನು ಆರಿಸಬೇಕು.

ಈಗ ನಿಮ್ಮ ಸೀಸನ್.

ಕ್ಯಾಸೆಟ್ ಒಳಗೆ ಒಂದು ಚಿಕ್ಕ ಮೆಮೊರಿ ಚಿಪ್ ಇದೆ. ವಿದ್ಯುತ್ ಹೋದರೆ ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಅಳಿಸದೆ ಇರಲಿ ಅಂತ ಪಕ್ಕದಲ್ಲಿ 3 ವೋಲ್ಟ್‌ನ ಒಂದು ಬಟನ್ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಸಿಆರ್2032, ಈಗಲೂ ಅಂಗಡಿಯಲ್ಲಿ ಸಿಗುವಂಥದ್ದೇ. ನೀವು ಕೊನೆಯ ಸಲ ಸ್ವಿಚ್ ಆಫ್ ಮಾಡಿದಂದಿನಿಂದ ಇವತ್ತಿನ ತನಕ ಆ ಬ್ಯಾಟರಿ ಒಂದೇ ಸಮನೆ ಆ ಚಿಪ್‌ನ್ನು ಎಚ್ಚರವಾಗಿ ಇಟ್ಟಿದೆ, ಅಥವಾ ನಡುವೆ ಎಲ್ಲೋ ಕೈಚೆಲ್ಲಿದೆ. ಮೂವತ್ತು ವರ್ಷ ದಾಟಿದ ಬ್ಯಾಟರಿಗಳು ಬದುಕಿರುವುದನ್ನು ನನ್ನ ಮೇಜಿನ ಮೇಲೇ ನೋಡಿದ್ದೇನೆ.

ಮೇಜಿನ ಮಾತು ಬಂತು, ನನ್ನ ತಪ್ಪು ಒಂದನ್ನು ಹೇಳಿಬಿಡುತ್ತೇನೆ. 2011ರಲ್ಲಿ ಅದೇ ಸಹೋದ್ಯೋಗಿ ತಮ್ಮ ಕ್ಯಾಸೆಟ್ ತಂದುಕೊಟ್ಟರು. ಬ್ಯಾಟರಿ ಹಳೆಯದಾಗಿದೆ, ಬದಲಾಯಿಸಿ ಕೊಡು ಅಂದರು. ನನಗೆ ಹತ್ತು ನಿಮಿಷದ ಕೆಲಸ. ಬಿಚ್ಚಿದೆ, ಹಳೆಯದನ್ನು ಬಿಡಿಸಿದೆ, ಹೊಸದನ್ನು ಕೂರಿಸಿದೆ. ಬೆಸುಗೆ ನೋಡಿ ನಾನೇ ಬೆನ್ನು ತಟ್ಟಿಕೊಂಡೆ. ಟಿವಿಗೆ ಹಾಕಿ ಸೀಸನ್ ತೆರೆದರೆ ಎಲ್ಲ ತಂಡದ ಮುಂದೆಯೂ ಸೊನ್ನೆ. ಅವರು ಹೈಸ್ಕೂಲಿನಲ್ಲಿ ತಮ್ಮ ತಂಗಿಯ ಜತೆ ಆಡಿದ ಸೀಸನ್ ಅದು ಅಂತ ಆಮೇಲೆ ಗೊತ್ತಾಯಿತು. ಪರವಾಗಿಲ್ಲ ಬಿಡು ಅಂದರು. ಅಂದು ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡರು.

ಹಾಗಾಗಿ ನೀವು ಹೀಗೆ ಮಾಡಿ. ಮೊದಲು ಕ್ಯಾಸೆಟ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ಕಿವಿ ಕಡ್ಡಿಯಿಂದ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಕಪ್ಪು ಬರುತ್ತಲೇ ಇರುತ್ತದೆ, ಬರುವುದು ನಿಲ್ಲುವ ತನಕ ಒರೆಸಿ. ಊದಬೇಡಿ ಅಂದದ್ದು ಇದಕ್ಕೇ: ಉಸಿರಿನ ತೇವಕ್ಕೆ ಆ ಹಲ್ಲು ಕಿಲುಬು ಹಿಡಿಯುತ್ತದೆ. ಆಮೇಲೆ ನಿಂಟೆಂಡೊಗೆ ಹಾಕುವ ಆಸೆ ತಡೆದುಕೊಳ್ಳಿ. ಹಳೆಯ ಯಂತ್ರದ ಒಳಗಿನ ಕನೆಕ್ಟರ್ ಸಡಿಲವಿದ್ದರೆ ಆನ್ ಮಾಡಿದ ಏಟಿಗೇ ಸೇವ್, ಅಂದರೆ ಉಳಿಸಿಟ್ಟ ಸೀಸನ್, ಕೆಡಬಹುದು. ಕ್ಯಾಸೆಟ್ ಓದಿ ಕಂಪ್ಯೂಟರ್‌ಗೆ ನಕಲು ಮಾಡುವ ಸಾಧನಗಳು ಸಿಗುತ್ತವೆ. ಹಳೆಯ ಗೇಮ್ ರಿಪೇರಿ ಮಾಡುವ ಯಾರ ಹತ್ತಿರವಾದರೂ ಇರುತ್ತದೆ. ಸೇವ್‌ನ ಗಾತ್ರ 8 ಕೆಬಿ ಅಷ್ಟೇ. ಅದನ್ನು ಮೊದಲು ಹೊರಗೆ ತೆಗೆದು ಎರಡು ಕಡೆ ಇಡಿ.

ಅದು ಕೈಗೆ ಬಂದಮೇಲೆ ಬ್ಯಾಟರಿ. ಕ್ಯಾಸೆಟ್‌ನ ಸ್ಕ್ರೂ ಮಾಮೂಲಿ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ, 3.8 ಮಿಲಿಮೀಟರ್‌ನ ವಿಶೇಷ ಬಿಟ್ ಬೇಕು. ಬೆಲೆ ಜಾಸ್ತಿಯಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿ. 3 ವೋಲ್ಟ್ ಹತ್ತಿರ ಇದ್ದರೆ ಸುಮ್ನೆ ಮುಚ್ಚಿಬಿಡಿ. ಎರಡೂವರೆಗೆ ಇಳಿದಿದ್ದರೆ ಬದಲಾಯಿಸಿ. ಬದಲಾಯಿಸುವಾಗ ಕಿವಿ (ಬೆಸುಗೆ ಹಾಕಲು ಅಂಟಿಸಿದ ಲೋಹದ ಪಟ್ಟಿ) ಇರುವ ಬ್ಯಾಟರಿಯನ್ನೇ ತನ್ನಿ, ಬರಿ ಬ್ಯಾಟರಿಗೆ ನೇರವಾಗಿ ಬೆಸುಗೆ ಕಾಯಿಸಿದರೆ ಅದು ಹಾಳಾಗುತ್ತದೆ, ಕೆಲವು ಸಲ ಸಿಡಿಯುತ್ತದೆ. ಎಲ್ಲ ಆದಮೇಲೆ ಉಳಿಸಿಟ್ಟ 8 ಕೆಬಿಯನ್ನು ಅದೇ ಸಾಧನದಿಂದ ಮತ್ತೆ ಒಳಗೆ ಬರೆಯಬಹುದು. ಮುಂದೆ ಆಡಿ ಮುಗಿಸುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ: ರೀಸೆಟ್ ಗುಂಡಿ ಒತ್ತಿಹಿಡಿದೇ ಪವರ್ ಆಫ್ ಮಾಡಿ. ಬ್ಯಾಟರಿ ಇರುವ ಹಳೆಯ ಕ್ಯಾಸೆಟ್‌ಗಳಿಗೆ ಆಫ್ ಆಗುವ ಆ ಒಂದು ಗಳಿಗೆಯೇ ಕಂಟಕ.

ದಾವಣಗೆರೆಯ ಕಾಲದ ಯಂತ್ರ ಊರಿನ ಮನೆಯ ಅಟ್ಟದ ಮೇಲೆ ಇದೆ, ಅದರಲ್ಲಿ ಹಾಕಿ ನೋಡಲಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ನಮ್ಮಲ್ಲಿಗೆ ಬಂದವು ಜಪಾನ್ ಮಾದರಿ, ಕ್ಯಾಸೆಟ್‌ಗೆ 60 ಹಲ್ಲು. ಅಮೆರಿಕದ್ದಕ್ಕೆ 72.

ಕೊನೆಗೆ ರೂಮ್‌ಮೇಟ್ ಜತೆ ಆಡುವುದು. ಇಬ್ಬರೂ ಅವರವರ ಮನೆಯಲ್ಲಿ ಕೂತು ಎಮ್ಯುಲೇಟರ್ (ಹಳೆಯ ಯಂತ್ರದ ಹಾಗೆ ನಡೆಯುವ ಕಂಪ್ಯೂಟರ್ ಪ್ರೋಗ್ರಾಂ) ಮೂಲಕ ಇಂಟರ್‌ನೆಟ್‌ನಲ್ಲಿ ಆಡಬಹುದು. ಬಹಳ ಜನ ಆಡುತ್ತಾರೆ. ನನ್ನನ್ನು ಕೇಳಿದರೆ ನಿಮಗೆ ಅದು ಬೇಡ. ಈ ಗೇಮ್ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ನಡೆಯುತ್ತದೆ. ಒಬ್ಬರನ್ನೊಬ್ಬರು ಹಿಡಿದಾಗ ಗುಂಡಿಯನ್ನು ಬಡಬಡ ಒತ್ತಿ ಬಿಡಿಸಿಕೊಳ್ಳಬೇಕು. ಅಲ್ಲಿ ಚೂರು ತಡವಾದರೂ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಅವನ ಹೆಬ್ಬೆರಳು, ಭುಜ ಯಾವುದೂ ಕಾಣುವುದಿಲ್ಲ. ಎಂಟಕ್ಕೊಂದರ ಲೆಕ್ಕ ಮಾತ್ರ ಉಳಿಯುತ್ತದೆ.

ಐ-80 ಹಿಡಿದು ಪೆನ್ಸಿಲ್ವೇನಿಯಾ ದಾಟಿದರೆ ಕ್ಲೀವ್‌ಲ್ಯಾಂಡ್. ಒಂದು ದಿನದ ಡ್ರೈವ್. ಹೋಗಿಬನ್ನಿ. ಅವರ ಮನೆಯಲ್ಲಿ ಹಳೆಯ ದಪ್ಪ ಟಿವಿ ಇದ್ದರೆ ಅದೃಷ್ಟ, ಅದರಲ್ಲಿ ತಡ ಅನ್ನುವುದೇ ಇಲ್ಲ. ತೆಳು ಟಿವಿಯಾದರೆ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ಚಿತ್ರ ಚೆಂದ ಮಾಡುವ ಭರದಲ್ಲಿ ಅದು ನಿಮ್ಮ ಗುಂಡಿಗಿಂತ ಹಿಂದೆ ಬೀಳುತ್ತದೆ. ಮಗನನ್ನೂ ಕರೆದುಕೊಂಡು ಹೋಗಿ, ಒಂದು ಪಂದ್ಯ ಅವನಿಗೆ ಕೊಡಿ, ನಗುವುದಿದ್ದರೆ ಅಲ್ಲೇ ನಗಲಿ. ಕಂಟ್ರೋಲರ್ ಮಾತ್ರ ಇಲ್ಲಿಂದಲೇ ಎರಡು ಒಯ್ಯಿರಿ. ಅವರ ಹತ್ತಿರ ಹಳೆಯದು ಉಳಿದಿದ್ದರೂ ಅದರ ಎ ಗುಂಡಿಯ ಕೆಳಗಿನ ರಬ್ಬರ್ ನೀವಿಬ್ಬರೂ ಬಡಿದ ಬಡಿತಕ್ಕೆ ಎಂದೋ ಸತ್ತಿರುತ್ತದೆ.